ಜೀರುಂಡೆಗೆ ಹೆದರದ ಹುಡುಗಿ

ಸ್ಟೋನಿ ಫೋರ್ಕ್, ಇಂಡಿಯಾನಾ
27 ಏಪ್ರಿಲ್ 1970, ಸೋಮವಾರ

ಪ್ರಿಯ ಡೆಲ್ಮರ್,

ಮಾರ್ಲಾ ಮನೆಗೆ ಬಂದಿದ್ದಾಳೆ. ಇದೊಂದನ್ನು ಮೊದಲು ಹೇಳಿಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಓದು.

ಮೊನ್ನೆ ಶನಿವಾರ ಬ್ಲೂಮಿಂಗ್ಟನ್ನಿನ ಆಸ್ಪತ್ರೆಯಿಂದ ಬಿಟ್ಟರು. ಹನ್ನೆರಡು ದಿನ ಅಲ್ಲಿದ್ದೆವು. ನಿನ್ನಮ್ಮ ಕಾರು ತಂದಿದ್ದರು. ದಾರಿಯುದ್ದಕ್ಕೂ ಅವರೇ ಮಾತಾಡಿದರು. ನಾನು ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದೆ. ಮಿದುಳಿನ ಪೊರೆಗೆ ಸೋಂಕು ತಗಲಿತ್ತಂತೆ. ಸೋಮವಾರ ಬೆಳಿಗ್ಗೆ ಜ್ವರ ಕಂಡಿತು, ಕಂಡ ಕೂಡಲೇ ಕರೆದುಕೊಂಡು ಹೋದೆ. ಬೆನ್ನಿಗೆ ಸೂಜಿ ಹಾಕಿ ನೀರು ತೆಗೆದರು. ಅದನ್ನು ನಾನು ನೋಡಲಿಲ್ಲ, ನನ್ನನ್ನು ಹೊರಗೆ ನಿಲ್ಲಿಸಿದ್ದರು. ಅವಳ ಕೂಗು ಮಾತ್ರ ಕೇಳಿಸಿತು.

ಈಗ ಜ್ವರ ಇಲ್ಲ. ಮೈಯಲ್ಲಿ ಮೂಳೆಯೇ ಉಳಿದಿದೆ. ನಡೆಯುವಾಗ ಕುಡಿದವರ ಹಾಗೆ ವಾಲುತ್ತಾಳೆ. "ಇಷ್ಟು ದಿನ ಮಲಗಿದ್ದವಳು, ಕಾಲಿಗೆ ಶಕ್ತಿ ಬರ್ಲಿ ಬಿಡಮ್ಮ" ಎಂದಳು ನರ್ಸ್. ಮಾರ್ಲಾ ನನ್ನ ಮೇಲೆ ಬಹಳ ಸಿಟ್ಟು ಮಾಡಿಕೊಂಡಿದ್ದಾಳೆ. ಸಂಜೆ ಏಳಕ್ಕೆ ಎಲ್ಲ ತಾಯಂದಿರನ್ನೂ ವಾರ್ಡಿನಿಂದ ಹೊರಡಿಸುತ್ತಿದ್ದರಲ್ಲ, ಬಿಟ್ಟು ಹೋದಳು ಎಂಬ ಕೋಪ. ಕರೆದರೆ ತಿರುಗಿಯೂ ನೋಡುವುದಿಲ್ಲ. ಎರಡೂಮುಕ್ಕಾಲು ವರ್ಷಕ್ಕೇ ಇಷ್ಟು ಹಟ, ನಿಮ್ಮ ಮನೆತನದ್ದೇ.

ಆಸ್ಪತ್ರೆಯಿಂದ ನಿಮ್ಮ ಹಡಗಿನ ಕಚೇರಿಗೆ ಕಳಿಸಿದ ಸಂದೇಶ ನಿನಗೆ ಐದು ದಿನ ತಡವಾಗಿ ಸಿಕ್ಕಿತೆಂದು ಬರೆದಿದ್ದೀಯ. ಇರಲಿ. ಸರೋವರದ ಮಧ್ಯೆ ಇರುವವನಿಗೆ ಯಾರು ತಂದು ಕೊಡುತ್ತಾರೆ? ನಾನು ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ.

ನಿನ್ನ
ಲೋರೀನ್


ಹಡಗಿನಿಂದ, ಡೆಟ್ರಾಯಿಟ್ ನದಿ
6 ಮೇ 1970

ಪ್ರಿಯ ಲೋರೀನ್,

ಇವತ್ತು ಬೆಳಿಗ್ಗೆ ಅಂಚೆ ದೋಣಿ ಮಗ್ಗುಲಿಗೆ ಬಂತು. ಹಗ್ಗಕ್ಕೆ ಕಟ್ಟಿ ಬಕೆಟ್ ಇಳಿಸಿದೆವು, ಅದು ಮೇಲೆ ಬಂದಾಗ ನಿನ್ನ ಕಾಗದ ಎಲ್ಲಕ್ಕಿಂತ ಮೇಲಿತ್ತು. ಎಂಜಿನ್ ಕೋಣೆಯ ಏಣಿಯ ಮೇಲೇ ಕೂತು ಓದಿದೆ. ಮೊದಲ ಸಾಲು ಓದಿ ಉಸಿರು ಬಿಟ್ಟೆ.

ಮಗು ಬದುಕಿತು. ಇನ್ನೇನೂ ಯೋಚನೆ ಮಾಡಬೇಡ. ಹಟ ಮಾಡುತ್ತಾಳೆ ಎಂದರೆ ಗುಣವಾಗುತ್ತಿದ್ದಾಳೆ ಎಂದೇ ಅರ್ಥ. ಮೊಟ್ಟೆ ಕೊಡು, ಹಾಲಿಗೆ ಬೆಣ್ಣೆ ಹಾಕಿ ಕೊಡು. ವಾಲಾಡುವುದೂ ಹೋಗುತ್ತದೆ. ನಾನು ಹಡಗು ಇಳಿದ ಮೊದಲ ವಾರ ಹಾಗೇ ನಡೆಯುವುದಿಲ್ಲವೇ?

ಈ ಸಲ ಹದಿನೇಳು ವರ್ಷಕ್ಕೊಮ್ಮೆ ನೆಲದಿಂದ ಮೇಲೇಳುವ ಜೀರುಂಡೆಗಳ ವರ್ಷ, ನೆನಪಿದೆಯೇ? ಐವತ್ತಮೂರರಲ್ಲಿ ನನಗೆ ಹನ್ನೊಂದು. ಅವು ಕಳಚಿಟ್ಟ ಸಿಪ್ಪೆಗಳನ್ನು ಹೆಕ್ಕಿ ನಮ್ಮ ಟೀಚರ ಬೆನ್ನಿಗೆ ಸಾಲಾಗಿ ಅಂಟಿಸಿದ್ದೆ, ಹದಿನಾಲ್ಕು! ಮಧ್ಯಾಹ್ನದವರೆಗೂ ಅವರಿಗೆ ಗೊತ್ತೇ ಆಗಲಿಲ್ಲ. ಗೊತ್ತಾದ ಮೇಲೆ ನನಗೆ ಚೆನ್ನಾಗಿ ಗೊತ್ತಾಯಿತು. ಈ ಸಲ ನಾನಿಲ್ಲ. ಮಾರ್ಲಾ ಆ ಸದ್ದಿಗೆ ಹೆದರಿಯಾಳು. ಮೊದಲೇ ಸೊರಗಿದ ಮಗು, ಕಿವಿಗೆ ಹತ್ತಿ ಇಡು. ಹೇಗಿತ್ತೆಂದು ಪೂರ್ತಿ ಬರೆ. ಇಲ್ಲಿರುವವರೆಲ್ಲ ಸರೋವರದ ತಂಪು ಸೀಮೆಯವರು, ನಾನು ಹೇಳಿದರೆ ನಂಬುವುದಿಲ್ಲ. "ಒಂದ್ ಹುಳ ಅಷ್ಟು ಕೂಗುತ್ತೇನೋ? ಸುಳ್ಳು ಬಿಡ್ಬೇಡ" ಅನ್ನುತ್ತಾರೆ.

ನಿನ್ನ
ಡೆಲ್ಮರ್


ಸ್ಟೋನಿ ಫೋರ್ಕ್
24 ಮೇ 1970, ಭಾನುವಾರ

ಪ್ರಿಯ ಡೆಲ್ಮರ್,

ಎದ್ದವು. ನಿನ್ನ ಸ್ನೇಹಿತರಿಗೆ ಹೇಳು, ಸುಳ್ಳಲ್ಲ.

ಹೋದ ವಾರ ಮಳೆ ಬಂದು ನೆಲ ಬೆಚ್ಚಗಾಗಿದ್ದೇ ತಡ, ಮೇಪಲ್ ಮರದ ಬುಡದ ನೆಲವೆಲ್ಲ ಬೆರಳು ಚುಚ್ಚಿದ ಹಾಗೆ ತೂತು ತೂತಾಯಿತು. ಬೆಳಿಗ್ಗೆ ನೋಡಿದರೆ ಬೇಲಿಗೂಟ, ಬಟ್ಟೆ ಒಣಹಾಕುವ ತಂತಿಯ ಕಂಬ, ಮೆಟ್ಟಿಲು, ಎಲ್ಲ ಕಡೆ ಸಿಪ್ಪೆ. ಪಕ್ಕದಲ್ಲೇ ಕೆಂಪು ಕಣ್ಣು ಬಿಟ್ಟುಕೊಂಡು ಹುಳ. ನಾಲ್ಕೈದು ದಿನ ಸುಮ್ಮನಿದ್ದವು. ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ, ಯಾರೋ ಹೇಳಿಕೊಟ್ಟ ಹಾಗೆ, ಗುಡ್ಡದ ಈ ತುದಿಯಿಂದ ಆ ತುದಿಯವರೆಗೆ ಒಟ್ಟಿಗೇ ಶುರುವಾದವು. ಕಿವಿಯಲ್ಲಿ ಅಲ್ಲ, ಹಲ್ಲಿನಲ್ಲಿ ಕೇಳಿಸಿದ ಹಾಗಿತ್ತು. ನಮ್ಮ ನಾಯಿ ಬಿಸ್ಕಿಟ್ ಜಗಲಿಯ ಕೆಳಗೆ ನುಸುಳಿತು. ನುಸುಳುವ ಮೊದಲು ಹೊಟ್ಟೆ ತುಂಬ ಹುಳ ತಿಂದು ನಿನ್ನಮ್ಮನ ಚಪ್ಪಲಿಯ ಮೇಲೆ ಕಕ್ಕಿತು.

ನಿನ್ನೆ ನನ್ನ ತಂಗಿ ವೆಲ್ಮಾಳ ಮದುವೆ. ಚರ್ಚಿನ ಕಿಟಕಿ ಮುಚ್ಚಿದರೆ ಬೇಯುತ್ತೇವೆ, ತೆಗೆದರೆ ಏನೂ ಕೇಳದು. ಪಾದ್ರಿಗಳು ಗಂಟಲು ಹರಿಯುವಂತೆ ಕೂಗಿದರು. ವರ ಕಿವಿಗೆ ಕೈ ಹಚ್ಚಿ, "ಏನಂದ್ರಿ?" ಅಂದ.

"ಇವಳನ್ನ ಒಪ್ಕೋತೀಯಾ ಅಂದೆ!"

"ಏನನ್ನ ಒಪ್ಕೋಬೇಕು?"

ಹಿಂದಿನ ಬೆಂಚಿನಿಂದ ನಿನ್ನಮ್ಮ, "ಈಗ್ಲೇ ಕಿವುಡಾದ್ನಲ್ಲೇ, ಒಳ್ಳೇ ಗಂಡ ಆಗ್ತಾನೆ ಬಿಡು!" ಅಂದರು. ಚರ್ಚಿಗೆ ಚರ್ಚೇ ನಕ್ಕಿತು.

ಮುದುಕ ಕ್ಲೀಟಸ್‌ಗೆ ಹೀಗೆ ಜೀರುಂಡೆ ಏಳುವುದು ನೋಡಲು ಸಿಕ್ಕಿದ್ದು ಇದು ನಾಲ್ಕನೇ ಸಲ. ರೆಕ್ಕೆಯ ಮೇಲೆ ಡಬ್ಲ್ಯೂ ಅಕ್ಷರ ಇದೆ, ಡಬ್ಲ್ಯೂ ಎಂದರೆ 'ವಾರ್', ಯುದ್ಧವಾಗುತ್ತದೆ ಎಂದು ಎಲ್ಲರೂ ಹೇಳುತ್ತಿದ್ದರೆ ಅವನು, "ಪ್ರತಿ ಸಲಾನೂ ಇತ್ತು ಕಣ್ರೋ. ಯಾವ ವರ್ಷ ಯುದ್ಧ ಇರ್ಲಿಲ್ಲ ಅದ್ಹೇಳಿ" ಎಂದ.

ಮಾರ್ಲಾ ಮೈ ಕೈ ತುಂಬಿಕೊಳ್ಳುತ್ತಿದ್ದಾಳೆ. ನೀನು ಕೇಳಿದ್ದೆಯಲ್ಲ, ಸದ್ದಿಗೆ ಹೆದರುವುದಿಲ್ಲ. ಮರದ ಕೆಳಗೇ ಕೂತು ಡಬ್ಬಿಗೆ ಮಣ್ಣು ತುಂಬುತ್ತಿರುತ್ತಾಳೆ. ಹತ್ತಿಯ ಅಗತ್ಯ ಬೀಳಲಿಲ್ಲ.

ಒಲೆಯ ಮೇಲೆ ಏನೋ ಇಟ್ಟಿದ್ದೇನೆ. ಇಲ್ಲಿಗೆ ನಿಲ್ಲಿಸುತ್ತೇನೆ.

ಲೋರೀನ್


ಹಡಗಿನಿಂದ, ಸೂ ಲಾಕ್ಸ್
1 ಜೂನ್ 1970

ಪ್ರಿಯ ಲೋರೀನ್,

ನಿನ್ನ ಕಾಗದವನ್ನು ಊಟದ ಮೇಜಿನಲ್ಲಿ ಗಟ್ಟಿಯಾಗಿ ಓದಿದೆ. ಮದುವೆಯ ಭಾಗಕ್ಕೆ ಅಡಿಗೆಯವನು ನಕ್ಕು ನಕ್ಕು ಕಾಫಿ ಚೆಲ್ಲಿದ. ಮಾರ್ಲಾಳ ಭಾಗ ಬಂದಾಗ ನಾನೇ ಎದ್ದು ನಿಂತು ಓದಿದೆ. "ಹೆದರುವುದಿಲ್ಲ"! ನಾಯಿ ಅಡಗಿದೆ, ಪಾದ್ರಿ ಕಂಗೆಟ್ಟಿದ್ದಾರೆ, ನನ್ನ ಮಗಳು ಮರದ ಕೆಳಗೆ ಮಣ್ಣಾಡುತ್ತಿದ್ದಾಳೆ! ಸಾವನ್ನೇ ಒದ್ದು ಬಂದವಳಿಗೆ ಹುಳ ಯಾವ ಲೆಕ್ಕ? ಹಡಗಿನಲ್ಲಿ ಈಗ ಎಲ್ಲರೂ ಅವಳನ್ನು 'ಕ್ಯಾಪ್ಟನ್' ಎಂದೇ ಕರೆಯುತ್ತಾರೆ. "ಕ್ಯಾಪ್ಟನ್ ಹೇಗಿದಾರಪ್ಪಾ?" ಎಂದು ದಿನಾ ಕೇಳುತ್ತಾರೆ.

ಶನಿವಾರ ಟೊಲೀಡೊದಲ್ಲಿ ಅದಿರು ಇಳಿಸುತ್ತೇವೆ. ಹಡಗುಕಟ್ಟೆಯಲ್ಲಿ ಫೋನ್ ಇದೆ. ನಮ್ಮಲ್ಲಿ ಫೋನ್ ಇಲ್ಲವಲ್ಲ, ಸಂಜೆ ನಾಲ್ಕಕ್ಕೆ ಪಕ್ಕದ ಎರ್ಮಾಳ ಮನೆಗೆ ಮಾಡುತ್ತೇನೆ. ಮಾರ್ಲಾಳನ್ನು ಕರೆದುಕೊಂಡು ಹೋಗಿರು. ಎರಡು ತಿಂಗಳಾಯಿತು, ಅವಳ ಬಾಯಿಂದ ಒಂದು ಸಲ 'ಪಪ್ಪಾ' ಕೇಳಬೇಕು.

ಡೆಲ್ಮರ್


ಹಡಗಿನಿಂದ, ಲೇಕ್ ಈರಿ
7 ಜೂನ್ 1970

ಲೋರೀನ್,

ನಿನ್ನೆಯಿಂದ ತಲೆ ಕೆಟ್ಟಿದೆ, ಬರೆದೇ ಬಿಡುತ್ತೇನೆ.

ನನ್ನ ಹಿಂದೆ ಏಳು ಜನ ಸಾಲು ನಿಂತಿದ್ದರು. ಅವರೂ ಮನೆಗೆ ಮಾತಾಡಬೇಕಿತ್ತು. "ಕ್ಯಾಪ್ಟನ್ ಹತ್ರ ಮಾತಾಡ್ಲಿ ಬಿಡ್ರೋ" ಎಂದು ನನ್ನನ್ನು ಮುಂದೆ ಬಿಟ್ಟರು. ನೀನು "ಪಪ್ಪಾ ಅನ್ನು, ಪಪ್ಪಾ" ಎಂದು ಮೂರು ಸಲ ಹೇಳಿದ್ದು ಕೇಳಿಸಿತು. ಆಮೇಲೆ ಆ ಹುಳಗಳ ಸದ್ದು. ನಾನು "ಮಾರ್ಲಾ, ಮಾರ್ಲಾ" ಎಂದು ಕೂಗುತ್ತಿದ್ದೇನೆ, ಆ ಕಡೆಯಿಂದ ಹುಳದ ಸದ್ದೊಂದೇ. ಮೂರು ನಿಮಿಷ ಅದನ್ನೇ ಕೇಳಿ ಫೋನಿಟ್ಟೆ. ಏನಂದಳು ಎಂದು ಸಾಲಿನವರು ಕೇಳಿದರು. ತುಂಬ ಮಾತಾಡಿದಳು ಎಂದೆ.

ಎರಡೇ ತಿಂಗಳಲ್ಲಿ ಮಗು ಅಪ್ಪನನ್ನು ಮರೆಯುತ್ತದೆಯೇ? ನನ್ನ ಫೋಟೋ ತೋರಿಸುತ್ತೀಯೋ ಇಲ್ಲವೋ? ಮನೆಯಲ್ಲಿ ನನ್ನ ಹೆಸರಾದರೂ ಎತ್ತುತ್ತೀರೋ? ನೀನೂ ಸರಿಯಾಗಿ ಮಾತಾಡಲಿಲ್ಲ. "ಅವಳಿಗೆ ನಿದ್ದೆ ಬಂದಿದೆ" ಎಂದೆ. ಸಂಜೆ ನಾಲ್ಕಕ್ಕೆ ಯಾವ ನಿದ್ದೆ? ನಾನು ಬೇಡವಾಗಿದ್ದರೆ ನೇರ ಹೇಳು.

ಡೆಲ್ಮರ್


ಸ್ಟೋನಿ ಫೋರ್ಕ್
10 ಜೂನ್ 1970

ಡೆಲ್ಮರ್,

ಅವಳು ನಿನ್ನನ್ನು ಮರೆತಿಲ್ಲ. ಅವಳಿಗೆ ಕಿವಿ ಕೇಳುವುದಿಲ್ಲ.

ಬರೆದೆ. ಹದಿನೆಂಟು ದಿನದಿಂದ ಈ ಸಾಲನ್ನು ಬರೆದು ಹರಿಯುತ್ತಿದ್ದೆ.

ಡಾಕ್ಟರಿಗೆ ತೋರಿಸಿದೆ, ಜ್ವರದಿಂದ ಹೋಯಿತಂತೆ. ಎರಡೂ ಕಿವಿ, ಪೂರ್ತಿ. ನಡೆಯುವಾಗ ವಾಲುವುದೂ ಅದಕ್ಕೇ. ಕಾಲಿನ ದೋಷವಲ್ಲ, ಕಿವಿಯ ಒಳಗಿನದು. ಹಟ ಎಂದು ನಾನು ಬರೆದಿದ್ದೆನಲ್ಲ, ಅದು ಹಟವೂ ಅಲ್ಲ. ತಿರುಗಿ ನೋಡಲಿಲ್ಲವೆಂದು ಎರಡು ಸಲ ಅವಳ ಕೈಗೆ ಹೊಡೆದಿದ್ದೇನೆ.

ಗೊತ್ತಾಗಿದ್ದು ಆ ಶುಕ್ರವಾರ. ಸದ್ದು ಏಳುತ್ತಲೇ ಹೆದರಿ ಅತ್ತಾಳೆಂದು ಕೈಯ ಹಿಟ್ಟನ್ನೂ ತೊಳೆಯದೆ ಹೊರಗೆ ಓಡಿದೆ. ಬೆನ್ನು ಹಾಕಿಕೊಂಡು ಡಬ್ಬಿಗೆ ಮಣ್ಣು ತುಂಬುತ್ತಿದ್ದಳು. ಒಂದು ಹುಳ ಅವಳ ಕಾಲರಿನ ಮೇಲೆ, ಕಿವಿಯ ಪಕ್ಕದಲ್ಲೇ ಕೂತು ಕಿರುಚುತ್ತಿತ್ತು. ನನಗೆ ಹತ್ತು ಹೆಜ್ಜೆ ದೂರಕ್ಕೆ ಕೇಳುತ್ತಿದೆ. ಅವಳು ರೆಪ್ಪೆ ಕೂಡ ಹೊಡೆಯಲಿಲ್ಲ. ಅದು ನಿಧಾನಕ್ಕೆ ಭುಜಕ್ಕೆ ಬಂದು, ಎದೆಗಿಳಿದು ಕಣ್ಣಿಗೆ ಬಿತ್ತು ನೋಡು, ಆಗ ಚೀರಿದ ಚೀರಾಟ! ಮೈ ನೀಲಿಯಾಗುವಷ್ಟು ಅತ್ತಳು. ಡೆಲ್ಮರ್, ಹೆದರುವುದಿಲ್ಲ ಎಂದು ಬರೆದದ್ದು ಸುಳ್ಳು. ಜೀರುಂಡೆ ಎಂದರೆ ಅವಳಿಗೆ ಪ್ರಾಣ ಹೋಗುವಷ್ಟು ಹೆದರಿಕೆ. ಕಣ್ಣಿಗೆ ಕಾಣುವವರೆಗೆ ಅವಳ ಪಾಲಿಗೆ ಅದು ಇರುವುದಿಲ್ಲ, ಅಷ್ಟೇ.

ಆಮೇಲೆ ಅವಳ ಬೆನ್ನ ಹಿಂದೆ ನಿಂತು ಪಾತ್ರೆಯ ಮುಚ್ಚಳ ಬಡಿದೆ. ಬಡಿದು ಬಡಿದು ಮುಚ್ಚಳ ಸೊಟ್ಟಗಾಯಿತು. ನಿನ್ನಮ್ಮ ಓಡಿ ಬಂದು ಕಿತ್ತುಕೊಂಡರು. ಯಾರಿಗೂ ಹೇಳಬೇಡಿ ಎಂದು ಅವರಿಂದ ನಾನೇ ಆಣೆ ಹಾಕಿಸಿದೆ. ಮಾರನೇ ದಿನ ಮದುವೆಯಲ್ಲಿ ಅವರು ಕಿವುಡ ಗಂಡನ ತಮಾಷೆ ಮಾಡಿದರಲ್ಲ, ಬಾಯಿಂದ ಜಾರಿಬಿಟ್ಟಿತು. ಎಲ್ಲರೂ ನಗುವಾಗ ಅವರು ಎದ್ದು ಹೊರಗೆ ಹೋದರು. ಅದನ್ನು ನಾನು ನಿನಗೆ ಬರೆಯಲಿಲ್ಲ.

ಫೋನಿನ ವಿಷಯ. ರಿಸೀವರ್ ಕೊಟ್ಟೆ. ಅದನ್ನು ಏನು ಮಾಡಬೇಕೆಂದು ತಿಳಿಯದೆ ನನ್ನ ಮುಖ ನೋಡಿದಳು, ಆಮೇಲೆ ನೆಕ್ಕಿದಳು. ಮನೆಯಲ್ಲಿ ಇನ್ನೂ 'ಪಪ್ಪಾ' ಅನ್ನುತ್ತಾಳೆ. ಆದರೆ ಮಾತು ಸವೆಯುತ್ತಿದೆ. ತನ್ನ ದನಿ ತನಗೇ ಕೇಳದೆ ಎಷ್ಟು ದಿನ ನಿಂತೀತು? 'ಹಾಲು' ಈಗ 'ಆಊ' ಆಗಿದೆ. ಬಿಸ್ಕಿಟ್ ಹೆಸರು ಹೋಯಿತು. ಹೋದದ್ದನ್ನೂ ಉಳಿದದ್ದನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದೇನೆ. ಮಾರ್ಚಿನಲ್ಲಿ ನಾವಿಬ್ಬರೂ ಕೂತು ಎಣಿಸಿದಾಗ ತೊಂಬತ್ತಕ್ಕೂ ಹೆಚ್ಚು ಮಾತುಗಳಿದ್ದವು. ಇವತ್ತು ಇಪ್ಪತ್ತಾರು.

ನಿನಗೆ ಯಾಕೆ ಹೇಳಲಿಲ್ಲ ಎಂದು ಕೇಳಬೇಡ. ನೀನು ಎದ್ದು ನಿಂತು ಓದಿದೆ ಎಂದು ಬರೆದ ಮೇಲೆ ಹೇಗೆ ಹೇಳಲಿ?

ಲೋರೀನ್


ಸ್ಟೋನಿ ಫೋರ್ಕ್
22 ಜೂನ್ 1970

ಡೆಲ್ಮರ್,

ಹನ್ನೆರಡು ದಿನವಾಯಿತು. ನನ್ನ ಕಾಗದ ಬಕೆಟ್ಟಿಗೆ ಬಿತ್ತೋ ನೀರಿಗೆ ಬಿತ್ತೋ? ಬೈಯುವುದಿದ್ದರೆ ಬೈದು ಬರೆ. ಅಂಚೆಯವನು ಬರುವ ಹೊತ್ತಿಗೆ ನಿನ್ನಮ್ಮ ದಿನಾ ರಸ್ತೆಗೆ ಹೋಗಿ ನಿಲ್ಲುತ್ತಾರೆ.

ಹತ್ತೊಂಬತ್ತು.

ಲೋರೀನ್


ಡುಲೂತ್ ಬಂದರು
26 ಜೂನ್ 1970

ಲೋರೀನ್,

ನಿನ್ನ ಎರಡು ಕಾಗದವೂ ನನ್ನ ಹತ್ತಿರ ಇವೆ. ಮೊದಲನೆಯದು ಹದಿಮೂರರಂದೇ ಸಿಕ್ಕಿತ್ತು. ಏನೆಂದು ಉತ್ತರ ಬರೆಯಲಿ? ಪೆನ್ನು ಹಿಡಿದರೆ ಆ ಮೂರು ನಿಮಿಷ ನೆನಪಾಗುತ್ತದೆ. ಕಿವಿ ಕೇಳದ ಮಗುವಿಗೆ ಫೋನಿನಲ್ಲಿ ಕೂಗಿ, ಅವಳು ಮಾತಾಡಲಿಲ್ಲವೆಂದು ನಿನ್ನ ಮೇಲೆ ಮುನಿಸಿಕೊಂಡವನು ನಾನು.

ಇನ್ನೊಂದಿದೆ. ಇದನ್ನು ಬರೆಯದೆ ಬೇರೇನೂ ಬರೆಯಲು ಆಗುತ್ತಿಲ್ಲ.

ಏಪ್ರಿಲ್‌ನಲ್ಲಿ ನೀನು ಕಳಿಸಿದ ಸಂದೇಶ ತಡವಾಗಿ ಸಿಗಲಿಲ್ಲ. ಅವತ್ತೇ, ಮಂಗಳವಾರವೇ ಸಿಕ್ಕಿತು. 'ಮಗುವಿಗೆ ತೀವ್ರ ಕಾಯಿಲೆ, ಆಸ್ಪತ್ರೆ, ಫೋನ್ ಮಾಡಿ' ಎಂದಿತ್ತು. ಆಗ ಹಡಗು ಆಷ್ಟಬ್ಯುಲಾ ಬಂದರಿನಲ್ಲಿ ಕಟ್ಟಿ ನಿಂತಿತ್ತು, ಒಂಬತ್ತು ಗಂಟೆ ಅಲ್ಲೇ ಇದ್ದೆವು. "ಮಕ್ಕಳಿಗೆ ಜ್ವರ ಬರ್ತಾ ಇರುತ್ತೆ ಕಣೋ. ಹೆಂಗಸರು ಗಾಬರಿ ಬೀಳ್ತಾರೆ" ಎಂದ ಹಡಗಿನ ಮೇಲಧಿಕಾರಿ. ಅವನ ಮಾತು ಕೇಳಿ ಸುಮ್ಮನಾದೆ ಎಂದರೆ ಅದೂ ಸುಳ್ಳು. ಇಳಿದು ಹೋಗಿ ಫೋನಿನ ಮುಂದೆ ನಿಂತಿದ್ದೆ. ನಂಬರ್ ಕೈಯಲ್ಲಿತ್ತು. ಮಾಡಿದರೆ ನೀನು ಅವಳು ಹೋದಳು ಎನ್ನುತ್ತೀಯ ಎಂದು ಅನಿಸಿತು. ಮಾಡದಿದ್ದರೆ ಇನ್ನೂ ಇದ್ದಾಳೆ. ಹಾಗೇ ನಿಂತಿದ್ದೆ. ಸೀಟಿ ಹೊಡೆಯಿತು, ವಾಪಸ್ ಹತ್ತಿದೆ. ಐದು ದಿನ ಬಿಟ್ಟು ನಿನಗೆ ಆ ಸುಳ್ಳು ಬರೆದೆ. 'ಮನಸ್ಸಿನಲ್ಲಿ ಏನೂ ಇಟ್ಟುಕೊಂಡಿಲ್ಲ' ಎಂದು ನೀನು ಬರೆದಾಗ ಆ ಕಾಗದವನ್ನು ಬಾಯ್ಲರಿಗೆ ಎಸೆಯೋಣ ಎನಿಸಿತ್ತು.

ನಾನು ಬಂದುಬಿಡುತ್ತೇನೆ, ಲೋರೀನ್. ಬೇರೆಯವನನ್ನು ನೋಡಿಕೊಳ್ಳಿ ಎಂದು ಎಂಜಿನಿಯರಿಗೆ ಹೇಳುತ್ತೇನೆ. ಎಂಜಿನ್ ಕೋಣೆಯಲ್ಲಿ ನಾವು ಯಾರೂ ಬಾಯಲ್ಲಿ ಮಾತಾಡುವುದಿಲ್ಲ, ಕೇಳುವುದೂ ಇಲ್ಲ. ಎಲ್ಲ ಕೈಯಲ್ಲೇ. ಎಣ್ಣೆಗೆ ಒಂದು, ಹಬೆಗೆ ಒಂದು, ಬಿಸಿಯಾಯಿತು ಎನ್ನುವುದಕ್ಕೆ ಒಂದು. ಅವನ್ನು ಅವಳಿಗೆ ಕಲಿಸಬಹುದಲ್ಲ?

ಇನ್ನೂ 'ಪಪ್ಪಾ' ಅನ್ನುತ್ತಾಳಾ?

ಡೆಲ್ಮರ್


ಸ್ಟೋನಿ ಫೋರ್ಕ್
5 ಜುಲೈ 1970

ಡೆಲ್ಮರ್,

ನಿನ್ನ ಕಾಗದ ಗುರುವಾರ ಬಂತು. ಓದಿ ಮಡಚಿ ಹಿಟ್ಟಿನ ಡಬ್ಬದ ಹಿಂದೆ ಇಟ್ಟೆ. ನಿನ್ನ ಹೆಸರು ಕೇಳಿದರೂ ಮೈ ಉರಿಯುತ್ತಿತ್ತು. ಆ ಮಂಗಳವಾರ ನಾನು ಆಸ್ಪತ್ರೆಯ ಕಾರಿಡಾರಿನಲ್ಲಿ ಫೋನಿನ ಪಕ್ಕದ ಕುರ್ಚಿ ಬಿಟ್ಟು ಏಳಲಿಲ್ಲ. ಮೂತ್ರಕ್ಕೆ ಹೋಗುವಾಗ ನರ್ಸಿಗೆ ಹೇಳಿ ಹೋಗುತ್ತಿದ್ದೆ, "ನಮ್ಮನೆಯವರು ಮಾಡ್ತಾರೆ, ಒಂಚೂರು ನೋಡ್ತಿರಿ" ಎಂದು. ನಿನಗೆ ಏನು ಬರೆಯಬೇಕೆಂದು ಮೂರು ದಿನ ಒಳ್ಳೊಳ್ಳೆ ಬೈಗುಳ ಜೋಡಿಸಿಟ್ಟಿದ್ದೆ.

ಆದರೆ ಬೈಯುವ ಬಾಯಿ ನನಗಿಲ್ಲ. ಜ್ವರ ಸೋಮವಾರ ಬೆಳಿಗ್ಗೆ ಬಂದದ್ದಲ್ಲ. ಭಾನುವಾರ ಬೆಳಿಗ್ಗೆಯೇ ಮೈ ಕಾದಿತ್ತು, ಕುತ್ತಿಗೆ ಹಿಡಿದುಕೊಂಡು ಅಳುತ್ತಿದ್ದಳು. ಅವತ್ತು ಚರ್ಚಿನಲ್ಲಿ ಊಟ, ಕೋಳಿ ಹುರಿಯುವ ಸರದಿ ನನ್ನದು. ಆಸ್ಪಿರಿನ್ ಪುಡಿ ಮಾಡಿ ಕೊಟ್ಟು ಹಿಂದಿನ ಕೋಣೆಯಲ್ಲಿ ಮಲಗಿಸಿದೆ. ಯಾರೋ ಬಂದು "ಮಗು ಅಳ್ತಾ ಇದೆ ಕಣೇ" ಅಂದರು. "ಹಲ್ಲು ಬರ್ತಿದೆ" ಅಂದೆ. ಕೋಳಿ ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದರು. ಸೋಮವಾರ ಬೆಳಿಗ್ಗೆ ಅಳು ನಿಂತಾಗ ಆಸ್ಪತ್ರೆಗೆ ಓಡಿದೆ. ಒಂದು ದಿನ ಮೊದಲು ಬಂದಿದ್ದರೆ ಕಿವಿ ಉಳಿಯುತ್ತಿತ್ತೇ ಎಂದು ಡಾಕ್ಟರನ್ನು ಕೇಳಿದೆ. "ಹೇಳೋಕಾಗಲ್ಲಮ್ಮ" ಎಂದರು. ಆ ಮಾತನ್ನು ದಿನವೆಲ್ಲ ಅಗಿಯುತ್ತಿರುತ್ತೇನೆ.

ನೀನು ಫೋನ್ ಮಾಡಿದ್ದರೂ ಕಿವಿ ಉಳಿಯುತ್ತಿರಲಿಲ್ಲ. ಅದನ್ನು ನಿನಗೆ ಹೇಳಬೇಕು. ನನಗೆ ಹಾಗೆ ಹೇಳುವವರು ಯಾರೂ ಇಲ್ಲ.

ಮಂಗಳವಾರ ಇಂಡಿಯಾನಾಪೊಲಿಸ್‌ನ ತಜ್ಞರ ಹತ್ತಿರ ಹೋಗಿದ್ದೆವು. ಎಲೆಕೋಸಿನ ಎಲೆ ಮುಟ್ಟಿದ ಹಾಗೆ ಅವಳ ಕಿವಿ ಮುಟ್ಟಿ ನೋಡಿದರು. ಸರಿಪಡಿಸಲು ಏನೂ ಇಲ್ಲವಂತೆ. ಉಳಿದ ಮಾತು ಉಳಿಸಿಕೊಳ್ಳಬೇಕಾದರೆ ಒಂದೇ ದಾರಿ: ಮುಖಕ್ಕೆ ಮುಖ ಕೊಟ್ಟು ಬಾಯಲ್ಲೇ ಮಾತಾಡಬೇಕು. ಕೈಸನ್ನೆ ಮಾಡಲೇಬಾರದು. ಅವಳು ಮಾಡಿದರೂ ಅರ್ಥವಾಗದ ಹಾಗೆ ಮುಖ ತಿರುಗಿಸಬೇಕು. "ಒಂದ್ಸಲ ಕೈ ರುಚಿ ಹತ್ತಿದ್ರೆ ಬಾಯಿ ತೆರೆಯೋದೇ ಇಲ್ಲಮ್ಮ" ಎಂದರು. ನಿನ್ನ ಎಂಜಿನ್ ಸನ್ನೆಯ ವಿಷಯ ಇಲ್ಲಿಗೇ ಮುಗಿಯಿತು. ಇದ್ದರೂ ಎಣ್ಣೆ, ಹಬೆ ತೆಗೆದುಕೊಂಡು ಮಗು ಏನು ಮಾಡೀತು?

ನೀನು ಬರಬೇಡ. ಕೆಲಸ ಬಿಟ್ಟರೆ ಯೂನಿಯನ್ನಿನ ವಿಮೆ ನಿಲ್ಲುತ್ತದೆ, ತಿಂಗಳಿಗೆರಡು ಸಲ ಇಂಡಿಯಾನಾಪೊಲಿಸ್‌ಗೆ ಹೋಗಬೇಕು. ಡಿಸೆಂಬರಿನಲ್ಲಿ ಸರೋವರ ಹೆಪ್ಪುಗಟ್ಟಿ ಹಡಗು ಕಟ್ಟಿದ ಮೇಲೆ ಬಾ. ಬಂದು ಮಾಡುವುದಾದರೂ ಏನಿದೆ? ನಾನು ಇಲ್ಲೇ ಇದ್ದು ಏನು ಮಾಡುತ್ತಿದ್ದೇನೆ?

ಜೀರುಂಡೆಗಳು ಸತ್ತವು. ಮರದ ಬುಡದಿಂದ ಸಲಿಕೆಯಲ್ಲಿ ಎತ್ತಿ ಹಾಕಿದೆವು, ಊರೆಲ್ಲ ಕೊಳೆತ ನಾತ. "ಅಬ್ಬಾ, ಈಗ ಪ್ರಾಣ ಬಂತು, ಎಷ್ಟು ನಿಶ್ಶಬ್ದ!" ಎಂದು ಚರ್ಚಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಮಾರ್ಲಾಳ ಕೈ ಹಿಡಿದುಕೊಂಡು ನಾನು ಬೇಗ ಹೊರಟುಬಂದೆ.

ಹನ್ನೊಂದು. 'ಪಪ್ಪಾ' ಇದೆ. ದಿನಾ ಫೋಟೋ ಹಿಡಿದು ಹೇಳಿಸುತ್ತಿದ್ದೇನೆ.

ಲೋರೀನ್


ಹಡಗಿನಿಂದ, ಲೇಕ್ ಹ್ಯೂರನ್
12 ಜುಲೈ 1970

ಲೋರೀನ್,

ಭಾನುವಾರದ ವಿಷಯವನ್ನು ನೀನು ಇನ್ನು ಯಾರಿಗೂ ಹೇಳಬೇಡ. ನನಗೆ ಹೇಳಿದ್ದೂ ಆಯಿತು, ನಾನು ಕೇಳಿದ್ದೂ ಆಯಿತು. ಹಲ್ಲು ಬರುತ್ತಿದೆ ಎಂದು ನಾನಿದ್ದರೂ ಅನ್ನುತ್ತಿದ್ದೆ.

ಇಲ್ಲಿ ಎಲ್ಲರಿಗೂ ನಿಜ ಹೇಳಿದೆ. 'ಕ್ಯಾಪ್ಟನ್' ಎನ್ನುವುದನ್ನು ಬಿಟ್ಟಿದ್ದಾರೆ. ಅನ್ನಿ ಎಂದು ನಾನೇ ಹೇಳಬೇಕಾಯಿತು. ಆದರೂ ಅನ್ನುತ್ತಿಲ್ಲ.

ಡಿಸೆಂಬರಿಗೆ ಇನ್ನೂ ಇಪ್ಪತ್ತು ವಾರ. ನೀನು ಹೇಳಿದಂತೆ ಇರುತ್ತೇನೆ. ಅಲ್ಲಿಯವರೆಗೆ ಆ ಒಂದು ಮಾತನ್ನು ಹೇಗಾದರೂ ಉಳಿಸು.

ಡೆಲ್ಮರ್


ಸ್ಟೋನಿ ಫೋರ್ಕ್
19 ಜುಲೈ 1970, ಭಾನುವಾರ

ಪ್ರಿಯ ಡೆಲ್ಮರ್,

ಉಳಿಯಲಿಲ್ಲ. ಇನ್ನು ನಿನಗೆ ಏನನ್ನೂ ಮುಚ್ಚಿಡುವುದಿಲ್ಲ ಎಂದುಕೊಂಡಿದ್ದೇನೆ, ಅದಕ್ಕೆ ಬರೆಯುತ್ತಿದ್ದೇನೆ. ಸೋಮವಾರ ಫೋಟೋ ತೋರಿಸಿ "ಪಪ್ಪಾ" ಎಂದೆ. ನನ್ನ ತುಟಿಯನ್ನೇ ನೋಡಿದಳು. ತಾನೂ ತುಟಿ ಕೂಡಿಸಿ ಬಿಟ್ಟಳು, ಎರಡು ಸಲ. ದನಿ ಬರಲಿಲ್ಲ. ಮೀನು ಬಾಯಿ ಬಿಟ್ಟ ಹಾಗೆ. ಮಂಗಳವಾರ ತುಟಿಯನ್ನೂ ಕೂಡಿಸಲಿಲ್ಲ. ಕ್ಯಾಲೆಂಡರನ್ನು ಗೋಡೆಯಿಂದ ತೆಗೆದಿಟ್ಟೆ.

ಗುರುವಾರ ಮಧ್ಯಾಹ್ನ ಬೀನ್ಸಿನ ನಾರು ತೆಗೆಯುತ್ತ ಕೂತಿದ್ದೆ. ಬಂದು ನನ್ನ ಮುಂದೆ ನಿಂತಳು. ಅಂಗೈಯನ್ನು ಕೆನ್ನೆಯ ಮೇಲಿಟ್ಟು ಮೇಲಕ್ಕೂ ಕೆಳಕ್ಕೂ ಉಜ್ಜಿಕೊಂಡಳು. ಸೊಳ್ಳೆ ಕಚ್ಚಿತೇನೋ ಎಂದು ನೋಡಿದೆ, ಏನೂ ಇರಲಿಲ್ಲ. ಮತ್ತೆ ಉಜ್ಜಿಕೊಂಡಳು, ಮುಳ್ಳು ತಾಗಿದವಳ ಹಾಗೆ ಮುಖ ಸಿಂಡರಿಸಿ ನಕ್ಕಳು. ಆಮೇಲೆ ಬಾಗಿಲಿನ ಕಡೆ ಬೆರಳು ತೋರಿಸಿದಳು. ಆಗ ನನಗೆ ಹೊಳೆಯಿತು. ಬೆಳಿಗ್ಗೆ ಗಡ್ಡ ಹೆರೆಯುವ ಮೊದಲು ಅವಳನ್ನು ಎತ್ತಿಕೊಂಡು ಕೆನ್ನೆಗೆ ಕೆನ್ನೆ ತಿಕ್ಕುತ್ತಿದ್ದೆಯಲ್ಲ, ಅದು. ನಿನ್ನನ್ನು ಕೇಳುತ್ತಿದ್ದಾಳೆ.

ತಜ್ಞರು ಹೇಳಿದಂತೆ ಮುಖ ತಿರುಗಿಸಿದೆ. ಈ ಕಡೆಯಿಂದ ಸುತ್ತಿ ಬಂದು ಮತ್ತೆ ಮಾಡಿದಳು. ಬೀನ್ಸ್ ಬುಟ್ಟಿಯನ್ನು ನೋಡುತ್ತ ಕೂತೆ. ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡು ಮೂರನೇ ಸಲ ಮಾಡಿದಳು. ನನ್ನಿಂದ ಆಗಲಿಲ್ಲ, ಡೆಲ್ಮರ್. ನಾನೂ ಕೆನ್ನೆ ಉಜ್ಜಿಕೊಂಡೆ. ಹೌದು, ಪಪ್ಪಾ, ಎಂದೆ.

ಅವಳ ಮುಖ ಅರಳಿದ್ದನ್ನು ನೀನು ನೋಡಬೇಕಿತ್ತು. ಆಸ್ಪತ್ರೆಯಿಂದ ಬಂದಮೇಲೆ ಹಾಗೆ ನಕ್ಕಿರಲಿಲ್ಲ. ಕೋಣೆಗೆ ಓಡಿ ಶೂ ತಂದು, ಎಡಗಾಲಿನದನ್ನು ಬಲಗಾಲಿಗೆ ಹಾಕಿಕೊಂಡು, ವಾಲಾಡುತ್ತ ಹೋಗಿ ಮುಂದಿನ ಮೆಟ್ಟಿಲ ಮೇಲೆ ಕೂತು ರಸ್ತೆ ನೋಡತೊಡಗಿದಳು. ಅವಳ ಮಾತು ನನಗೆ ತಿಳಿಯಿತು ಎಂದಷ್ಟೇ ನಾನು ಹೇಳಿದ್ದು. ಪಪ್ಪಾ ಬಂದ ಎಂದು ಅವಳು ತಿಳಿದುಕೊಂಡಳು.

ಊಟಕ್ಕೆ ಏಳಲಿಲ್ಲ. ಎತ್ತಿಕೊಂಡು ಬಂದರೆ ಒದ್ದಳು. ಶುಕ್ರವಾರವೂ ಕೂತಳು, ನಿನ್ನೆಯೂ ಕೂತಳು. ನಿನ್ನಮ್ಮ ಬಿಸ್ಕತ್ತು ಕೊಟ್ಟು ಒಳಗೆ ಕರೆಯಲು ನೋಡಿ, ಕೊನೆಗೆ ತಾವೂ ಅವಳ ಪಕ್ಕದಲ್ಲಿ ಕೂತರು. ಈಗಲೂ ಅಲ್ಲೇ ಇದ್ದಾರೆ ಇಬ್ಬರೂ, ಇಲ್ಲಿಂದ ಬೆನ್ನು ಕಾಣುತ್ತಿದೆ. ಆಗಾಗ ತಿರುಗಿ ನನ್ನನ್ನು ನೋಡಿ ಕೆನ್ನೆ ಉಜ್ಜಿಕೊಳ್ಳುತ್ತಾಳೆ.

ನೀನು ಡಿಸೆಂಬರಿನಲ್ಲಿ ಬರುತ್ತೀಯ ಎಂದು ಅವಳಿಗೆ ಹೇಗೆ ಹೇಳಲಿ? ಕೆನ್ನೆ ಉಜ್ಜಿದರೆ ನೀನು. ತಲೆ ಅಲ್ಲಾಡಿಸಿದರೆ ಇಲ್ಲ. ಎರಡೂ ಸೇರಿದರೆ ಪಪ್ಪಾ ಇಲ್ಲ ಎಂದಾಗುತ್ತದೆ, ಅದನ್ನು ನಾನು ಹೇಳಲಾರೆ. ಇವತ್ತಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಸನ್ನೆ ಇಲ್ಲ.

ನಿನ್ನ
ಲೋರೀನ್